ಗಲ್ಫ್ ದೇಶಗಳಿಗೆಲ್ಲ ಒಂದೇ ನರ್ಸಿಂಗ್ ಮಾನದಂಡ ಬರುವವರೆಗೆ ಕಾಯಲಾ?

ಕಾಯಬೇಡಿ. ಮಂಡ್ಯದಲ್ಲಿ ಬಿಎಸ್ಸಿ ನರ್ಸಿಂಗ್ ಕೊನೆ ವರ್ಷದಲ್ಲಿದ್ದೀರಿ, ಎಲ್ಲ ಕಡೆ ಒಂದೇ ಮಾನದಂಡ ಬಂದರೆ ದೇಶ ದೇಶಕ್ಕೂ ಬರೆಯುವ ಲೈಸೆನ್ಸ್ ಪರೀಕ್ಷೆಗಳ ಕಾಟ ತಪ್ಪುತ್ತದೆ ಅಲ್ವಾ ಅಂತ ಕೇಳಿದ್ದೀರಿ. ಮೈಸೂರಿನಲ್ಲಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಅಲ್ಲಿ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೆ. ವೆಂಟಿಲೇಟರ್ ಪೇಷೆಂಟ್‌ಗೆ ಸಕ್ಷನ್, ಸೆಂಟ್ರಲ್ ಲೈನ್ ಡ್ರೆಸ್ಸಿಂಗ್, ಗಂಟೆಗಂಟೆಗೂ ಯೂರಿನ್ ಅಳೆದು ಚಾರ್ಟ್ ಬರೆಯುವುದು, ನೈಟ್ ಡ್ಯೂಟಿಯಲ್ಲಿ ಎಲ್ಲ ನಾವೇ. ಕೆಲಸ ಬಿಟ್ಟಾಗ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಟ್ಟರು. ‘ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ, ನಡತೆ ಉತ್ತಮ.’ ಅಷ್ಟೇ. ಐಸಿಯು ಅಂತ ಇಲ್ಲ, ಎಷ್ಟು ಬೆಡ್ ಅಂತ ಇಲ್ಲ, ಫುಲ್ ಟೈಮ್ ಅಂತಲೂ ಇಲ್ಲ. ಸೇರಿದ ತಾರೀಖು ಇತ್ತು, ಬಿಟ್ಟ ತಾರೀಖು ಇರಲಿಲ್ಲ. ಸೀಲು ಬಿದ್ದಿದೆಯಲ್ಲ ಅಂತ ನಾನು ಸುಮ್ನೆ ಫೈಲಿಗೆ ಹಾಕಿಕೊಂಡೆ. ಆಮೇಲೆ ಗಲ್ಫ್‌ಗೆ ಅರ್ಜಿ ಹಾಕಿದಾಗ ಅಲ್ಲಿನವರ ಪರವಾಗಿ ಸರ್ಟಿಫಿಕೇಟ್ ಪರಿಶೀಲಿಸುವ ಡೇಟಾಫ್ಲೋ ಕಂಪನಿಯವರು ಆ ಲೆಟರ್ ಅನ್ನು ಪರಿಶೀಲಿಸಲು ನೇರವಾಗಿ ಆ ಆಸ್ಪತ್ರೆಗೇ ಬರೆದರು. ಅಷ್ಟೊತ್ತಿಗೆ ಸಹಿ ಹಾಕಿದ್ದ ಎಚ್‌ಆರ್ ಇರಲಿಲ್ಲ, ಹೊಸಬರು ಉತ್ತರ ಕೊಡಲಿಲ್ಲ. ವರದಿ ಬಂತು: ಪರಿಶೀಲಿಸಲು ಆಗಲಿಲ್ಲ. ಐಸಿಯು ಕೆಲಸ ಕೈತಪ್ಪಿತು. ಕೊನೆಗೆ ಸಿಕ್ಕಿದ್ದು ಜನರಲ್ ವಾರ್ಡ್, ಕಡಿಮೆ ಸಂಬಳ. ನಾನು ಮಾಡಿದ ಕೆಲಸ ನನಗೆ ಗೊತ್ತು, ಅದಕ್ಕೆ ಸಾಕ್ಷಿ ಹೇಳುವವರು ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ದಿಕ್ಕಿನಲ್ಲಿದೆ ಅನ್ನುತ್ತೇನೆ. ಒಂದೇ ಮಾನದಂಡ ಬಂದ ಕಡೆ ನೋಡಿ. ಯುರೋಪಿಯನ್ ಒಕ್ಕೂಟದ 2005ರ ನಿಯಮದಲ್ಲಿ ಜನರಲ್ ನರ್ಸ್‌ಗೆ ಕನಿಷ್ಠ 4,600 ಗಂಟೆ ತರಬೇತಿ, ಅದರಲ್ಲಿ ಅರ್ಧವಾದರೂ ಕ್ಲಿನಿಕಲ್ ಇರಬೇಕು. ಅದರಿಂದ ಅಲ್ಲಿ ಓದಿದವರಿಗೆ ಒಕ್ಕೂಟದ ದೇಶಗಳ ನಡುವೆ ಕೆಲಸಕ್ಕೆ ಓಡಾಡಲು ಸಲೀಸು, ನಮಗಲ್ಲ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳು 2006ರಲ್ಲೇ ನರ್ಸಿಂಗ್‌ಗೆ ಪರಸ್ಪರ ಮಾನ್ಯತೆಯ ಒಪ್ಪಂದ ಮಾಡಿಕೊಂಡವು. ಆದರೂ ಲೈಸೆನ್ಸ್ ಕೊಡುವುದು ಆಯಾ ದೇಶದ ಮಂಡಳಿಯೇ. ಕೆರಿಬಿಯನ್ ಕಡೆ ಹಲವು ದೇಶಗಳಿಗೆ ಸೇರಿ ಒಂದೇ ನೋಂದಣಿ ಪರೀಕ್ಷೆ ಇದೆ, ಆದರೆ ಪರೀಕ್ಷೆಯಂತೂ ಬರೆಯಲೇಬೇಕು. ಮಾನದಂಡ ಒಂದಾಯಿತು ಅಂದರೆ ಎಷ್ಟು ಗಂಟೆ, ಯಾವ ವಾರ್ಡ್, ಏನು ಮಾಡಿದೆ ಅಂತ ಎಲ್ಲರೂ ಒಂದೇ ರೀತಿ ಕೇಳುತ್ತಾರೆ. ನಮ್ಮ ಹುಡುಗಿಯರ ಕೆಲಸಕ್ಕೆ ಬೆಲೆ ಸಿಗಬೇಕಾದರೆ ಅದು ಬರಲೇಬೇಕು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಬಂದ ದಿನ ತೋರಿಸಲು ನಿಮ್ಮ ಹತ್ತಿರ ಏನಿರುತ್ತದೆ?

ಈಗಲೇ ಶುರು ಮಾಡಿ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಿ ಪೋಸ್ಟಿಂಗ್ ಇದ್ದರೂ ಬೇರೆ ಎಲ್ಲಿದ್ದರೂ ಲಾಗ್‌ಬುಕ್‌ಗೆ ಅಂದಂದೇ ಸಹಿ ಹಾಕಿಸಿಕೊಳ್ಳಿ, ಕೊನೆ ವಾರ ಎಲ್ಲ ಒಟ್ಟಿಗೆ ಅನ್ನುವ ಅಭ್ಯಾಸ ಬೇಡ. ಕಾಲೇಜಿನಿಂದ ಥಿಯರಿ ಗಂಟೆ, ಕ್ಲಿನಿಕಲ್ ಗಂಟೆ ಬೇರೆ ಬೇರೆ ಬರೆದ ಟ್ರಾನ್ಸ್‌ಕ್ರಿಪ್ಟ್ ಕೇಳಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದ್ದರೆ ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ಮುಂಚೆಯೇ ಸರಿಮಾಡಿಸಿ. ಮುಂದೆ ಕೆಲಸ ಬಿಡುವಾಗ ಲೆಟರ್‌ನಲ್ಲಿ ವಿಭಾಗ, ಬೆಡ್ ಸಂಖ್ಯೆ, ಫುಲ್ ಟೈಮ್, ಎರಡೂ ತಾರೀಖು, ಆಸ್ಪತ್ರೆಯ ಅಧಿಕೃತ ಇಮೇಲ್ ಇವೆಯಾ ಅಂತ ಅಲ್ಲೇ ನಿಂತು ಓದಿ. ಇಲ್ಲದಿದ್ದರೆ ಅವತ್ತೇ ವಾಪಸ್ ಕೊಟ್ಟು ಬೇರೆ ಬರೆಸಿಕೊಳ್ಳಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.