ಕೊರಿಯನ್‌ನಲ್ಲಿ ಬ, ಪ, ಫ ಎಲ್ಲ ಒಂದೇ ಥರ ಕೇಳಿಸುತ್ತವೆ. ಮಹಾಪ್ರಾಣ ಇರುವ ಕನ್ನಡದವರಿಗೆ ಇದು ಸುಲಭ ಅಲ್ವಾ? ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿಯಲೇ?

ಬೇಡ. ಅದನ್ನೇ ಮಾಡಿ, ಉಳುಕಿದ ಕಾಲಿಟ್ಟುಕೊಂಡು ಕೈ ಡಾಕ್ಟರ ಮುಂದೆ ಕೂತವನು ನಾನು.

ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ಜನವರಿ. ಬಸ್ಸಿಗೆ ಓಡಲು ಹೋಗಿ ಮಂಜುಗಡ್ಡೆ ಮೇಲೆ ಜಾರಿದೆ. ಪಾದದ ಕೀಲು ಉಳುಕಿತು. ಕ್ಲಿನಿಕ್‌ಗೆ ಫೋನ್ ಮಾಡಿದೆ. ಪಾದದ ಕೀಲಿಗೆ ಕೊರಿಯನ್‌ನಲ್ಲಿ ‘ಬಲ್‌ಮೊಕ್’, ಮಣಿಕಟ್ಟಿಗೆ ‘ಫಲ್‌ಮೊಕ್’ (ಫಲದ ಫ). ಬಲ್ ಅಂದರೆ ಪಾದ, ಫಲ್ ಅಂದರೆ ತೋಳು. ಹೀಗೆ ಬರೆದರೆ ಎಷ್ಟು ಸಲೀಸು! ಆದರೆ ಮಾತಿನ ಶುರುವಿನಲ್ಲಿ ಅವರ ‘ಬ’ ನಮ್ಮ ಬ ಅಲ್ಲ. ಗಂಟಲು ಅದುರುವುದಿಲ್ಲ, ಮೇಲೆ ಉಸಿರೂ ಸೇರಿರುತ್ತದೆ. ನನ್ನ ಕಿವಿಗೆ ಎರಡೂ ‘ಪ’. ನೋಟ್‌ಬುಕ್ಕಿನಲ್ಲೂ ಎರಡಕ್ಕೂ ‘ಪ’.

ನೋವಿಗೆ ದನಿ ಏರಿತ್ತು. ‘ಪಲ್‌ಮೊಕ್’ ಅಂದೆ. ರಿಸೆಪ್ಷನ್‌ನವರು ‘ಫಲ್‌ಮೊಕ್?’ ಅಂತ ಕೇಳಿ ಖಾತ್ರಿ ಮಾಡಿಕೊಂಡರು. ನಾನು ಹೌದು ಅನ್ನಲು ‘ನೆ, ನೆ’ ಅಂದೆ. (ಅವರ ಬಾಯಲ್ಲಿ ಆ ‘ನೆ’ ಕೂಡ ಎಷ್ಟೋ ಸಲ ‘ದೆ’ ಥರ ಕೇಳಿಸುತ್ತದೆ. ಅದು ಬೇರೆ ಕಥೆ.) ಮರುದಿನ ಕುಂಟುತ್ತಾ ಹೋದರೆ ಮಣಿಕಟ್ಟು ನೋಡುವ ಡಾಕ್ಟರು! ಪಾದದ ಡಾಕ್ಟರು ಸಿಕ್ಕಿದ್ದು ನಾಲ್ಕು ದಿನ ಬಿಟ್ಟು.

ತಪ್ಪು ಎಲ್ಲಾಯಿತು ಅಂತ ತಿಳಿದದ್ದು ಆಮೇಲೆ. ರಾಜಧಾನಿ ಸೋಲ್‌ನಲ್ಲೇ ಹುಟ್ಟಿದ ಸಹೋದ್ಯೋಗಿಯ ಬಾಯಲ್ಲಿ ಎರಡೂ ಪದ ರೆಕಾರ್ಡ್ ಮಾಡಿ, ದನಿ ಅಳೆಯುವ ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಹಾಕಿದೆ. ಉಸಿರಿನ ಉದ್ದ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಬೇರೆಯಾಗಿದ್ದದ್ದು ಮುಂದಿನ ‘ಅ’. ‘ಬಲ್’ನಲ್ಲಿ ಅದರ ಶ್ರುತಿ ಕೆಳಗೆ, ‘ಫಲ್’ನಲ್ಲಿ ಮೇಲೆ. ನಾನು ವರ್ಷವಿಡೀ ವ್ಯಂಜನಕ್ಕೆ ಕಿವಿಗೊಟ್ಟು ಕೂತಿದ್ದೆ, ಗುಟ್ಟು ಸ್ವರದಲ್ಲಿತ್ತು. ಅಂದರೆ ನೋವಿಗೆ ಏರಿದ ನನ್ನ ದನಿಯೇ ಪಾದವನ್ನು ತೋಳು ಮಾಡಿತ್ತು! ಸೋಲ್‌ನ ಹಿರಿಯರ ಮಾತಲ್ಲಿ ಉಸಿರಿನ ವ್ಯತ್ಯಾಸ ಇನ್ನೂ ಸಿಗುತ್ತದೆ, ಕಿರಿಯರಲ್ಲಿ ಶ್ರುತಿಯದೇ ಕಾರುಬಾರು.

ಮಹಾಪ್ರಾಣದ ಹೆಮ್ಮೆ ಬಿಡಿ. ಖಾರವನ್ನು ‘ಕಾರ’ ಅನ್ನುವವರು ನಾವು. ನಿಜ ಹೇಳಬೇಕೆಂದರೆ ನಮಗಿಂತ ತಮಿಳರಿಗೆ ಇದು ಬೇಗ ಹೊಳೆಯುತ್ತದೆ. ಒಂದೇ ಅಕ್ಷರ ಶುರುವಿನಲ್ಲಿ ಪ, ನಡುವೆ ಬ ಆಗುವುದು ಅವರಿಗೆ ಮಾಮೂಲು. ಕೊರಿಯನ್‌ನಲ್ಲೂ ಅಷ್ಟೆ. ಗಂಡ-ಹೆಂಡತಿ ಅನ್ನುವ ‘ಬುಬು’ ನಮಗೆ ‘ಪುಬು’ ಅಂತ ಕೇಳಿಸುತ್ತದೆ. ಕೊರಿಯನ್ನರನ್ನು ಕೇಳಿದರೆ ಎರಡೂ ಒಂದೇ ಅಕ್ಷರ ಅಂತಾರೆ. ನಾವೆಲ್ಲ ‘ಕಿಮ್’ ಅನ್ನುವ ಹೆಸರಲ್ಲಿರುವುದೂ ಅವರ ‘ಗ’ ಅಕ್ಷರವೇ.

ಮೂರನೆಯದು, ಬಿಗಿದು ಹೇಳುವ ‘ಪ್ಪ’. ಅದೊಂದೇ ನಮಗೆ ಪುಕ್ಕಟೆ. ‘ಅಪ್ಪ’ದಲ್ಲಿ ಅ ಬಿಟ್ಟು ಉಳಿದದ್ದು ಹೇಳಿ, ಸಾಕು. ಅವರ ಬ್ರೆಡ್ಡು, ‘ಪ್ಪಾಂಗ್’, ಹೀಗೇ ಬರುತ್ತದೆ.

ಕೊರಿಯನ್ ಲಿಪಿ ಹಂಗುಲ್‌ನಲ್ಲಿರುವುದು 24 ಮೂಲ ಅಕ್ಷರ. ಒಂದು ಭಾನುವಾರ ಕೂತು ಕಲಿತು ಕನ್ನಡದ ಪಟ್ಟಿ ಹರಿದುಹಾಕಿ. ಆಮೇಲೆ ಬಲ್-ಫಲ್ ಥರದ ಜೋಡಿ ಪದ ಹಾಕಿಕೊಂಡು, ಪದ ಬಿಟ್ಟು ಬರೀ ರಾಗ ಗುನುಗಿ. ಸಬ್‌ಟೈಟಲ್ ಹಾಕಿ ಡ್ರಾಮಾ ನೋಡಿದರೆ ಕಿವಿ ಪಳಗುತ್ತದೆ ಅನ್ನುವವರ ಮಾತು ನಂಬಬೇಡಿ, ನಾನು ನೂರಾರು ಕಂತು ನೋಡಿಯೇ ಆ ಫೋನ್ ಮಾಡಿದ್ದು.