ಸೌಂಡ್ ಸ್ಟುಡಿಯೊದ ಸಹಾಯಕನಿಗೆ ಇನ್ನೇನು ಕೆಲಸ?

ಪ್ರಶ್ನೆ: ನನ್ನ ಮಗ ಅಂಧೇರಿಯ ಒಂದು ಸೌಂಡ್ ಸ್ಟುಡಿಯೊದಲ್ಲಿ ಸಹಾಯಕ. ವೆಬ್ ಸರಣಿಗಳ ಸಂಭಾಷಣೆಯಲ್ಲಿ ಸೇರಿಕೊಂಡ ಫ್ಯಾನು, ಜನರೇಟರು, ವಿಮಾನಗಳ ಸದ್ದನ್ನು ತೆಗೆಯುವುದು ಅವನ ಕೆಲಸ. ಈಗ ಅದನ್ನೆಲ್ಲ ಸಾಫ್ಟ್‌ವೇರೇ ಮಾಡುತ್ತದೆಂದು ಮಾಲೀಕರು ಜೊತೆಯ ಇಬ್ಬರನ್ನು ಬಿಡಿಸಿದ್ದಾರೆ. ಇವನು ಈ ವೃತ್ತಿಯಲ್ಲಿ ಉಳಿಯಬೇಕೇ, ಬೇರೆ ದಾರಿ ನೋಡಿಕೊಳ್ಳಬೇಕೇ?
– ಒಬ್ಬ ತಂದೆ, ಡೊಂಬಿವಲಿ

ಉತ್ತರ: ಮಾಲೀಕರು ಹೇಳಿದ್ದು ಸುಳ್ಳಲ್ಲ, ಆದರೆ ಅವರ ತೀರ್ಮಾನ ಅವಸರದ್ದು. ನಿಮ್ಮ ಮಗ ಮಾಡುತ್ತಿರುವ ಕೆಲಸ ಮುಂಬಯಿಗೆ ಅಷ್ಟೇನೂ ಹಳೆಯದಲ್ಲ. ಹಿಂದಿ ಚಿತ್ರಗಳ ಮಾತನ್ನು ದಶಕಗಳ ಕಾಲ ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಹೇಳಿಸುತ್ತಿದ್ದುದರಿಂದ, ಚಿತ್ರೀಕರಣದ ಜಾಗದಲ್ಲಿ ಎಷ್ಟು ಗದ್ದಲವಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2001ರ ‘ಲಗಾನ್’ ಚಿತ್ರದ ನಂತರ, ಸ್ಥಳದಲ್ಲಿಯೇ ಮಾತನ್ನು ಹಿಡಿಯುವ ಸಿಂಕ್ ಸೌಂಡ್ ಹೆಚ್ಚುತ್ತ ಹೋದಂತೆ, ಆ ಗದ್ದಲವನ್ನು ಸೋಸುವ ಕೈಗಳು ಬೇಕಾದವು. 2007ರಲ್ಲಿ ಬಂದ ಐಜೋಟೋಪ್ ಆರ್‌ಎಕ್ಸ್‌ನಂಥ ಸಾಫ್ಟ್‌ವೇರು ಧ್ವನಿಯನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸಿತು. ಅದರಲ್ಲಿ ಹಾರ್ನಿನ ಗೆರೆಯನ್ನು ಗುರುತಿಸಿ ಅಳಿಸುವುದು ಸಹಾಯಕರ ಕಸುಬಾಯಿತು. ಈಗಿನ ಸಾಫ್ಟ್‌ವೇರಿಗೆ ಗೆರೆಯನ್ನು ತೋರಿಸಿಕೊಡುವ ಅಗತ್ಯವೂ ಇಲ್ಲ. ಮನುಷ್ಯನ ಕಂಠ ಹೇಗಿರುತ್ತದೆಂದು ಅಪಾರ ಮಾದರಿಗಳಿಂದ ಕಲಿತು, ಉಳಿದದ್ದನ್ನು ಅದು ತಾನೇ ಬೇರ್ಪಡಿಸುತ್ತದೆ. 2021ರಲ್ಲಿ ಪೀಟರ್ ಜಾಕ್ಸನ್ ತಂಡ ಬೀಟಲ್ಸ್ ಕುರಿತ ಸಾಕ್ಷ್ಯಚಿತ್ರಕ್ಕಾಗಿ 1969ರ ಮಾನೋ ಟೇಪುಗಳಲ್ಲಿ, ಅಂದರೆ ಎಲ್ಲ ಸದ್ದೂ ಒಂದೇ ಟ್ರ್ಯಾಕಿನಲ್ಲಿರುವ ಟೇಪುಗಳಲ್ಲಿ, ಬೆರೆತುಹೋಗಿದ್ದ ಮಾತು, ಗಿಟಾರು, ಡ್ರಮ್ಮುಗಳನ್ನು ಬಿಡಿಸಿದ್ದು ಇದೇ ಬಗೆಯ ತಂತ್ರದಿಂದ.

ಹೀಗಿದ್ದರೂ ಗುಂಡಿ ಒತ್ತಿದ ಮೇಲೆ ಕಿವಿಗೊಟ್ಟು ಕೇಳುವವರು ಬೇಕು. ‘ಸ’, ‘ಶ’ಗಳು ಭೌತಶಾಸ್ತ್ರದ ದೃಷ್ಟಿಯಲ್ಲಿ ಗದ್ದಲದ ಜಾತಿಗೇ ಸೇರಿದವು: ನಿರ್ದಿಷ್ಟ ಶ್ರುತಿಯಿಲ್ಲದೆ ಮೇಲಿನ ಆವರ್ತನಗಳಲ್ಲಿ ಹರಡಿಕೊಂಡ ಉಸಿರು. ಫ್ಯಾನಿನ ಸದ್ದನ್ನು ಅಡಗಿಸಲು ಸಾಫ್ಟ್‌ವೇರನ್ನು ಮಿತಿಮೀರಿ ಬಳಸಿದರೆ ಮೊದಲು ಸವೆಯುವುದು ಇವೇ. ಪಿಸುಮಾತಿನ ದೃಶ್ಯದಲ್ಲಂತೂ ಹೆಚ್ಚುಕಡಿಮೆ ಎಲ್ಲವೂ ಉಸಿರೇ ಆದ್ದರಿಂದ ಕಷ್ಟ ಇನ್ನೂ ಹೆಚ್ಚು. ಅಳುವಿಗೆ ಮುನ್ನ ನಟಿ ಒಳಗೆಳೆದುಕೊಂಡ ಉಸಿರನ್ನು ಯಂತ್ರ ಕಸವೆಂದು ಗುಡಿಸಿಬಿಡಬಹುದು; ಅದು ಅಭಿನಯದ ಭಾಗವೆಂದು ತಿಳಿಯಲು ದೃಶ್ಯವನ್ನು ನೋಡಿರಬೇಕು. ಇನ್ನು ಒಂದು ಶಾಟ್ ಪೂರ್ತಿ ಶುಚಿಯಾಗಿದ್ದು, ಮುಂದಿನದರಲ್ಲಿ ಒಂದಿಷ್ಟು ಸದ್ದು ಉಳಿದರೆ, ಶಾಟ್ ಬದಲಾದದ್ದು ಕಿವಿಗೆ ರಪ್ಪನೆ ಹೊಡೆಯುತ್ತದೆ. ಅದನ್ನು ಮುಚ್ಚಲು ಅದೇ ಕೋಣೆಯ ಖಾಲಿ ಸದ್ದನ್ನು, ಅಂದರೆ ರೂಮ್ ಟೋನನ್ನು, ಎರಡರ ಕೆಳಗೂ ಹಾಸಬೇಕಾಗುತ್ತದೆ. (ಇಷ್ಟೆಲ್ಲ ಗುಡಿಸಿ ಮತ್ತೆ ಸದ್ದು ಸುರಿಯುವುದೇಕೆಂದು ನಿರ್ಮಾಪಕರು ಕೇಳುವುದುಂಟು.)

ನನಗೆ ಆತಂಕವಿರುವುದು ಬೇರೆ ಕಡೆ. ಹಿರಿಯ ಡೈಲಾಗ್ ಎಡಿಟರುಗಳ ಕಿವಿ ಪಳಗಿದ್ದು ಇಂಥ ಬೇಸರದ ಕೆಲಸದಲ್ಲಿಯೇ. ಸಾವಿರಾರು ವಾಕ್ಯಗಳನ್ನು ಒಂದೊಂದಾಗಿ ತಿದ್ದಿದವರಿಗೆ ಮಾತ್ರ ಯಂತ್ರ ಏನನ್ನು ಕೆಡಿಸಿದೆ ಎಂಬುದು ಥಟ್ಟನೆ ಕೇಳಿಸುತ್ತದೆ. ಸಹಾಯಕರನ್ನು ಬಿಡಿಸಿದ ಮಾಲೀಕರು ಈ ತಿಂಗಳ ಸಂಬಳ ಉಳಿಸಿದರು, ಸರಿ. ಆದರೆ ಈಗಿನ ಹಿರಿಯರು ನಿವೃತ್ತರಾದ ಮೇಲೆ ಆ ಕಿವಿಗಳನ್ನು ಎಲ್ಲಿಂದ ತರುತ್ತಾರೆ?

ಆದ್ದರಿಂದ ನಿಮ್ಮ ಮಗ ವೃತ್ತಿಯಲ್ಲಿ ಉಳಿಯಲಿ, ಆದರೆ ಅದೇ ಕುರ್ಚಿಯಲ್ಲಿ ಕೂತಿರುವುದು ಬೇಡ. ಸಾಧ್ಯವಾದರೆ ಕೆಲವು ಕಾಲ ಲೊಕೇಶನ್ ರೆಕಾರ್ಡಿಸ್ಟರ ಜೊತೆ ಬೂಮ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು, ಹಿಡಿದು ಓಡಾಡಲಿ. ಮೈಕನ್ನು ಎಲ್ಲಿ ಹಿಡಿದರೆ ಆಮೇಲೆ ಸೋಸುವ ಕೆಲಸವೇ ಉಳಿಯುವುದಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ಇನ್ನೊಂದು ದಾರಿ ಎಂ ಅಂಡ್ ಇ (ಮ್ಯೂಸಿಕ್ ಅಂಡ್ ಎಫೆಕ್ಟ್ಸ್) ಟ್ರ್ಯಾಕ್, ಅಂದರೆ ಮಾತನ್ನು ಬಿಟ್ಟು ಸಂಗೀತ ಮತ್ತು ಇತರ ಸದ್ದುಗಳಷ್ಟೇ ಇರುವ ಟ್ರ್ಯಾಕ್. ಹಿಂದಿ ಸರಣಿಯನ್ನು ಕನ್ನಡಕ್ಕೋ ತಮಿಳಿಗೋ ಡಬ್ ಮಾಡುವಾಗ ಮೂಲ ಮಾತನ್ನು ತೆಗೆದರೆ, ಅದೇ ಮೈಕಿನಲ್ಲಿ ಹಿಡಿದ ಬಳೆ, ಸೀರೆಯ ಸರಪರ, ಚಪ್ಪಲಿಯ ಸದ್ದುಗಳೂ ಹೋಗುತ್ತವೆ. ಅವನ್ನು ಫೋಲಿ ಕಲಾವಿದರು, ಅಂದರೆ ಪರದೆ ನೋಡುತ್ತ ಇಂಥ ಸದ್ದುಗಳನ್ನು ಸ್ಟುಡಿಯೊದಲ್ಲಿ ಮಾಡಿ ಹಿಡಿಯುವವರು, ಮತ್ತೆ ತುಂಬಬೇಕು. ಪಠ್ಯ ಕೊಟ್ಟರೆ ಸದ್ದು ಸೃಷ್ಟಿಸುವ ಸಾಧನಗಳು ಹೆಜ್ಜೆ ಸಪ್ಪಳವನ್ನೇನೋ ಕೊಡುತ್ತವೆ. ಆದರೆ ಚಾಳಿನ ಮೊಗಸಾಲೆಯಲ್ಲಿ ಕೊಲ್ಹಾಪುರಿ ಮೆಟ್ಟಿದ ಮುದುಕರು ಕಾಲೆಳೆದು ನಡೆಯುವ ಸದ್ದು ಬೇಕೆಂದರೆ, ಕಲಾವಿದರು ಆ ಚಪ್ಪಲಿಯನ್ನೇ ಹಾಕಿಕೊಂಡು ಪರದೆ ನೋಡುತ್ತ ನಡೆಯುವುದು ಸದ್ಯಕ್ಕೆ ಬೇಗ ಮುಗಿಯುವ ದಾರಿ.

ಪ್ರಶ್ನೆ: ಗೋವಾದ ಮಳೆ, ಮೀನು ಮಾರುಕಟ್ಟೆಗಳ ಸದ್ದನ್ನು ನಾನು ಹವ್ಯಾಸಕ್ಕಾಗಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಒಂದು ಸೌಂಡ್ ಲೈಬ್ರರಿಯವರು ಕೇಳುತ್ತಿದ್ದಾರೆ. ಕೊಡಬಹುದೇ?
– ಒಬ್ಬ ಓದುಗರು, ಮಡಗಾಂವ್

ಉತ್ತರ: ಕೊಡಬಹುದು, ಕರಾರನ್ನು ಪೂರ್ತಿ ಓದಿದ ನಂತರ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಕರ್ತೃವೆಂದರೆ ಅದರ ನಿರ್ಮಾಪಕ, ಅಂದರೆ ಅದನ್ನು ಮಾಡುವ ಉಪಕ್ರಮ ಮತ್ತು ಹೊಣೆಯನ್ನು ಹೊತ್ತವರು. ನೀವೇ ಹೋಗಿ, ನಿಮ್ಮ ಖರ್ಚಿನಲ್ಲಿ ಹಿಡಿದ ಮಳೆಯ ಸದ್ದಿಗೆ ನೀವೇ ಒಡೆಯರು. ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಆ ಹಕ್ಕು ಉಳಿಯುತ್ತದೆ. ಕರಾರಿನಲ್ಲಿ ಹಕ್ಕನ್ನು ಪೂರ್ತಿಯಾಗಿ ಬರೆದುಕೊಡುತ್ತಿದ್ದೀರೋ ಅಥವಾ ಬಳಕೆಗೆ ಅನುಮತಿ ಮಾತ್ರ ಕೊಡುತ್ತಿದ್ದೀರೋ ಎಂಬುದನ್ನು ಮೊದಲು ನೋಡಿ. ಯಂತ್ರಕಲಿಕೆಗೆ ಬಳಸುವ ಬಗ್ಗೆ ಅದರಲ್ಲಿ ಮಾತೇ ಇಲ್ಲದಿದ್ದರೆ, ಒಪ್ಪುವುದಾಗಲಿ ನಿರಾಕರಿಸುವುದಾಗಲಿ, ನಿಮ್ಮ ನಿಲುವನ್ನು ಬರವಣಿಗೆಯಲ್ಲಿ ಸೇರಿಸಿಸಿ. ಮೂಲ ಫೈಲುಗಳ ಒಂದು ಪ್ರತಿ, ಹಿಡಿದ ತಾರೀಖು ಮತ್ತು ಜಾಗದ ಟಿಪ್ಪಣಿಯೊಂದಿಗೆ, ನಿಮ್ಮ ಬಳಿಯೇ ಇರಲಿ.