ಡೊಂಬಿವಲಿಯ ನನ್ನ ಫ್ಲ್ಯಾಟಿನಲ್ಲಿ ಫೋನಿಗೆ ವೈ-ಫೈ ಸರಿಯಾಗಿ ಬರುತ್ತದೆ, ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಪದೇ ಪದೇ ಕಟ್ ಆಗುತ್ತದೆ. ಏನು ಮಾಡಲಿ?

ಡೊಂಬಿವಲಿಯ ನಿಮ್ಮ ಫ್ಲ್ಯಾಟಿನಲ್ಲಿ ಫೋನಿಗೆ ತೊಂದರೆ ಇಲ್ಲ ಅಂದಿದ್ದೀರಿ, ಅಲ್ವಾ? ಹಾಗಾದರೆ ಸುಮ್ನೆ ಹೊಸ ರೂಟರ್‌ಗೆ ದುಡ್ಡು ಹಾಕಬೇಡಿ. ನನ್ನ ಮೊದಲ ಅನುಮಾನ ಪವರ್ ಸೇವಿಂಗ್ ಮೇಲೆ. ಬ್ಯಾಟರಿ ಉಳಿಸಲು ವೈ-ಫೈ ಕಾರ್ಡ್ ನಡುನಡುವೆ ನಿದ್ದೆಗೆ ಜಾರುತ್ತದೆ. ಕೆಲವು ಡ್ರೈವರ್‌ಗಳಲ್ಲಿ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅದು ಸರಿಯಾಗಿ ಏಳುವುದಿಲ್ಲ.

ಸಿಸ್ಟಂ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್‌ನಲ್ಲಿ ನೆಟ್‌ವರ್ಕ್‌ಮ್ಯಾನೇಜರ್ (ನೆಟ್ ಸಂಪರ್ಕ ನೋಡಿಕೊಳ್ಳುವ ಪ್ರೋಗ್ರಾಂ) ಫೋಲ್ಡರ್, ಅದರೊಳಗೆ ಕಾನ್ಫ್ ಡಾಟ್ ಡಿ ತೆರೆಯಿರಿ. ಅಲ್ಲಿ ಹೆಸರಿನಲ್ಲೇ ವೈಫೈ-ಪವರ್‌ಸೇವ್ ಅಂತ ಇರುವ ಫೈಲ್ ಸಿಗುತ್ತದೆ. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಬಳಸಿ, ಪವರ್‌ಸೇವ್ ಮುಂದಿನ 3 ಅನ್ನು 2 ಮಾಡಿ. 3 ಅಂದರೆ ಆನ್, 2 ಅಂದರೆ ಆಫ್. ಆಮೇಲೆ ನೆಟ್‌ವರ್ಕ್‌ಮ್ಯಾನೇಜರ್ ರೀಸ್ಟಾರ್ಟ್ ಮಾಡಿ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗಬಹುದು. ಕಾಲ್ ನಡುವೆ ಕಟ್ ಆಗುವುದಕ್ಕಿಂತ ಅದೇ ವಾಸಿ.

ಆಗಲೂ ನಿಲ್ಲದಿದ್ದರೆ, ಕಟ್ ಆದ ತಕ್ಷಣ ಕರ್ನೆಲ್ ಲಾಗ್‌ನ (ಸಿಸ್ಟಂ ತಾನೇ ಬರೆದಿಡುವ ದಾಖಲೆ) ಕೊನೆಯ ಸಾಲುಗಳನ್ನು ಓದಿ. ತುಂಬಾ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಫರ್ಮ್‌ವೇರ್ (ಕಾರ್ಡ್‌ನೊಳಗೆ ಓಡುವ ಸಾಫ್ಟ್‌ವೇರ್) ದೋಷ ಕಂಡರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ. 'ಬೈ ಲೋಕಲ್ ಚಾಯ್ಸ್' ಅಂತಿದ್ದರೆ ಸಂಪರ್ಕ ಬಿಟ್ಟಿದ್ದು ಲ್ಯಾಪ್‌ಟಾಪ್, ರೂಟರ್ ಅಲ್ಲ.

ಬಿಲ್ಡಿಂಗ್ ತುಂಬ ರೂಟರ್‌ಗಳಿದ್ದರೆ ವೈ-ಫೈನ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಹೋಗಿ. 2.4ರಲ್ಲೇ ಇರಬೇಕೆಂದರೆ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿಕೊಳ್ಳಿ.